ಒಲೆ ಹೊಗೆ, ಸಂತೆ ದಿನದ ಸೂಜಿ ಮತ್ತು ಡಾ. ಪದ್ಮಾವತಿ

ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿ ಅವರ ಹೆಸರನ್ನು ನಾನು ಮೊದಲು ಕಂಡದ್ದು ಹೊಗೆಯ ಕುರಿತ ಪ್ರಬಂಧವೊಂದರ ಮೇಲೆ. ಎಂ.ಡಿ. ಓದುತ್ತಿದ್ದೆ. ಶ್ವಾಸಕೋಶ ಕೆಟ್ಟು ಅದರಿಂದ ಹೃದಯದ ಬಲಭಾಗ ಸೋಲುವ ಕಾಯಿಲೆಯ ಬಗ್ಗೆ ಸೆಮಿನಾರ್ ಕೊಡಬೇಕಿತ್ತು. ಹಳೇ ಜರ್ನಲ್‌ಗಳನ್ನು ಹುಡುಕುವಾಗ 1959ರ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ದೆಹಲಿಯ 127 ರೋಗಿಗಳ ಅಧ್ಯಯನ ಸಿಕ್ಕಿತು. ಬರೆದವರು ಪದ್ಮಾವತಿ ಮತ್ತು ಪಾಠಕ್. ನಮ್ಮ ಪಠ್ಯಪುಸ್ತಕಗಳ ಪ್ರಕಾರ ಈ ಕಾಯಿಲೆ ವರ್ಷಗಟ್ಟಲೆ ಸಿಗರೇಟು ಸೇದಿದ ವಯಸ್ಸಾದ ಗಂಡಸರದ್ದು. ದೆಹಲಿಯಲ್ಲಿ ಅವರಿಗೆ ಕಂಡವರಲ್ಲಿ ಹೆಂಗಸರು ಬಹಳ ಮಂದಿ. ಬೀಡಿ ಮುಟ್ಟದವರು, ವಯಸ್ಸೂ ಅಷ್ಟೇನೂ ಆಗದವರು. ಅವರ ಅನುಮಾನ ಹೋಗಿ ನಿಂತದ್ದು ಬೆರಣಿ, ಸೌದೆ ಉರಿಸುವ ಒಲೆಯ ಮುಂದೆ.

ನಮ್ಮ ಸಕಲೇಶಪುರ ಸೀಮೆಯ ಹಾನುಬಾಳು, ಹೆತ್ತೂರು ಕಡೆಯಿಂದ ಬರುವ ಹೆಂಗಸರ ಕೆಮ್ಮು, ದಮ್ಮು, ಸಂಜೆಗೆ ಊದುವ ಪಾದ ಎಲ್ಲವೂ ಆ ಪ್ರಬಂಧದಲ್ಲಿ ಇದ್ದವು. ನಾನು ಹುಟ್ಟುವ ಎಷ್ಟೋ ವರ್ಷಗಳ ಮೊದಲೇ ಒಬ್ಬರು ಇದನ್ನು ಬರೆದಿಟ್ಟಿದ್ದರು.

ನಾನು ಹೃದ್ರೋಗ ತಜ್ಞೆ ಅಲ್ಲ. ಸಕಲೇಶಪುರ ಸೀಮೆಯಲ್ಲಿ ಕೆಲಸ ಮಾಡುವ ಫಿಜಿಷಿಯನ್. ರಕ್ತನಾಳದಿಂದ ಹೃದಯಕ್ಕೆ ನಳಿಕೆ ತೂರಿಸಿ ನೋಡುವ ಕ್ಯಾತ್ ಲ್ಯಾಬ್ ನಮ್ಮ ಹತ್ತಿರ ಇಲ್ಲ, ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೆಗೆಯುವ ಎಕೋ ಮಾಡಿಸಲು ರೋಗಿಯನ್ನು ಹಾಸನಕ್ಕೆ ಕಳಿಸಬೇಕು. ಇಷ್ಟರಲ್ಲೇ ಹೃದಯದ ಕಾಯಿಲೆಯವರನ್ನು ವರ್ಷಾನುಗಟ್ಟಲೆ ನೋಡಿಕೊಂಡು ಬರಲು ನನಗೆ ದಾರಿ ತೋರಿಸಿದ್ದು ಪದ್ಮಾವತಿ ಅವರ ಕೆಲಸ. ಕ್ಯಾತ್ ಲ್ಯಾಬ್ ಕಟ್ಟಿದವರೇ ಅವರು. ಆದರೂ ಕಾಯಿಲೆ ಎಲ್ಲಿಂದ ಶುರುವಾಯಿತು ಎಂದು ಹುಡುಕುತ್ತಾ ಅಡುಗೆ ಮನೆಯ ತನಕ ಹೋದರು. ಯಂತ್ರ ಇಲ್ಲದ ಊರಿನಲ್ಲೂ ಆ ಹುಡುಕಾಟ ಮಾಡಬಹುದು. ಅದನ್ನು ನಾನು ಹೇಗೆ ಮಾಡಿದೆ ಎಂಬುದನ್ನು, ಈಗಷ್ಟೇ ತಾಲ್ಲೂಕು ಆಸ್ಪತ್ರೆಗಳಿಗೆ ಸೇರುತ್ತಿರುವ ಕಿರಿಯ ವೈದ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಅವರ ಬಗ್ಗೆ ನಾಲ್ಕು ಮಾತು. ಪದ್ಮಾವತಿ ಹುಟ್ಟಿದ್ದು 1917ರ ಜೂನ್ 20ರಂದು, ಬರ್ಮಾದ ಮಾಗ್ವೆಯಲ್ಲಿ. ತಂದೆ ವಕೀಲರು. ರಂಗೂನ್ ಮೆಡಿಕಲ್ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸುವ ಹೊತ್ತಿಗೆ ಯುದ್ಧ ಬಾಗಿಲಿಗೆ ಬಂದಿತ್ತು. 1942ರಲ್ಲಿ ಜಪಾನಿ ಸೈನ್ಯ ನುಗ್ಗಿದಾಗ ತಾಯಿ ಮತ್ತು ಅಕ್ಕತಂಗಿಯರ ಜೊತೆ ಬರ್ಮಾ ಬಿಟ್ಟು ಕೊಯಮತ್ತೂರಿಗೆ ಬಂದರು. ಮನೆಯ ಗಂಡಸರು ಅಲ್ಲೇ ಉಳಿದರು. ಎಲ್ಲರೂ ಮತ್ತೆ ಒಂದು ಕಡೆ ಸೇರಿದ್ದು ಯುದ್ಧ ಮುಗಿದ ಮೇಲೆ. 1949ರಲ್ಲಿ ಅವರು ಲಂಡನ್ನಿಗೆ ಹೊರಟರು. ಅಲ್ಲಿ, ಮತ್ತೆ ಎಡಿನ್‌ಬರೋದಲ್ಲಿ ಓದು ಮುಗಿಸಿ, ಸ್ವೀಡನ್ನಿನಲ್ಲಿ ಕೆಲಕಾಲ ಇದ್ದು, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಲುಪಿದರು. ಅಲ್ಲಿ ಗುರುವಾಗಿ ಸಿಕ್ಕವರು ಹೆಲೆನ್ ಟೌಸಿಗ್.

ಟೌಸಿಗ್ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನೀಲಿಗಟ್ಟಿ ಹುಟ್ಟುವ ಕೂಸುಗಳಿಗೆ ಶಸ್ತ್ರಚಿಕಿತ್ಸೆಯಿಂದ ಉಸಿರು ಕೊಡಬಹುದು ಎಂಬ ಯೋಚನೆ ಅವರದ್ದು. ಪ್ರಯೋಗಾಲಯದಲ್ಲಿ ಅದನ್ನು ಸಾಧಿಸಿ ತೋರಿಸಿದವರು ವಿವಿಯನ್ ಥಾಮಸ್. 1944ರಲ್ಲಿ ಮೊದಲ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಿದವರು ಆಲ್ಫ್ರೆಡ್ ಬ್ಲಾಲಾಕ್. ಟೌಸಿಗ್ ಅವರಿಗೆ ಕಿವಿ ಮಂದ. ಮಕ್ಕಳ ಎದೆಯ ಮೇಲೆ ಅಂಗೈ ಇಟ್ಟು, ಬೆರಳಿಗೆ ಸಿಗುವ ಅದುರಿನಿಂದ ಹೃದಯದ ಸ್ಥಿತಿಯನ್ನು ತಿಳಿಯುತ್ತಿದ್ದರು. ಎಕೋ ಎಂಬ ಯಂತ್ರದ ಸುಳಿವೇ ಇಲ್ಲದ ಕಾಲವದು. ಅಂಥವರ ಕೈಕೆಳಗೆ ಕಲಿತವರು ಪದ್ಮಾವತಿ. ಇವತ್ತಿಗೂ ನಾನು ಸ್ಟೆತಾಸ್ಕೋಪ್ ಇಡುವ ಮೊದಲು ಅಂಗೈ ಇಡುತ್ತೇನೆ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಕಿರಿದಾಗಿದ್ದರೆ ಎಡ ಮೊಲೆಯ ಕೆಳಗೆ ಸಣ್ಣ ಅದುರು ಕೈಗೆ ಸಿಗುತ್ತದೆ. ಕಿವಿಗಿಂತ ಮೊದಲು ಕೈಗೆ ಗೊತ್ತಾದ ಸಂದರ್ಭಗಳು ನನಗೆ ಬೇಕಾದಷ್ಟಿವೆ.

ಅಲ್ಲಿಂದ 1952ರಲ್ಲಿ ಹಾರ್ವರ್ಡ್, ಪಾಲ್ ಡಡ್ಲಿ ವೈಟ್ ಅವರ ಬಳಿ. ಹೃದ್ರೋಗವನ್ನು ಬರುವ ಮೊದಲೇ ತಡೆಯಬೇಕು ಎಂದು ಜೀವನವಿಡೀ ಹೇಳಿಕೊಂಡು ಬಂದ ವೈದ್ಯ ಆತ. 1953ರಲ್ಲಿ ಭಾರತಕ್ಕೆ ಮರಳಿದ ಪದ್ಮಾವತಿ ಅವರನ್ನು ಆಗಿನ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ದೆಹಲಿಯ ಲೇಡಿ ಹಾರ್ಡಿಂಜ್ ಮೆಡಿಕಲ್ ಕಾಲೇಜಿಗೆ ಸೇರಿಸಿಕೊಂಡರು. ಭಾರತದ ಮೊದಲ ಮಹಿಳಾ ಹೃದ್ರೋಗ ತಜ್ಞೆ ಎಂದು ನಾವೆಲ್ಲ ಅವರನ್ನು ಕರೆಯುವುದು. 1954ರಲ್ಲಿ ರಾಕ್‌ಫೆಲ್ಲರ್ ಫೌಂಡೇಷನ್ ನೆರವಿನಿಂದ ಅಲ್ಲಿ ಹೃದ್ರೋಗ ಕ್ಲಿನಿಕ್ ಮತ್ತು ಉತ್ತರ ಭಾರತದ ಮೊದಲ ಕ್ಯಾತ್ ಲ್ಯಾಬ್ ಶುರುಮಾಡಿದರು. ವರ್ನರ್ ಫೋರ್ಸ್‌ಮನ್ ಎಂಬ ಜರ್ಮನ್ ವೈದ್ಯ ತನ್ನ ತೋಳಿನ ರಕ್ತನಾಳದಿಂದ ತನ್ನದೇ ಹೃದಯಕ್ಕೆ ನಳಿಕೆ ತೂರಿಸಿಕೊಂಡದ್ದು 1929ರಲ್ಲಿ. ಆ ಸಾಹಸಕ್ಕೆ ನೊಬೆಲ್ ಬಂದದ್ದು 1956ರಲ್ಲಿ. ಎಂದರೆ ಆ ವಿದ್ಯೆಗೆ ನೊಬೆಲ್ ಬರುವ ಮೊದಲೇ ದೆಹಲಿಯ ಹೆಂಗಸರ ಆಸ್ಪತ್ರೆಯಲ್ಲಿ ಅದು ನಡೆಯುತ್ತಿತ್ತು.

ಹೆಂಗಸರ ಆಸ್ಪತ್ರೆ ಎಂಬುದು ಇಲ್ಲಿ ಮುಖ್ಯ. ಲೇಡಿ ಹಾರ್ಡಿಂಜ್‌ಗೆ ಬರುತ್ತಿದ್ದವರು ಹೆಂಗಸರು ಮತ್ತು ಮಕ್ಕಳು. ಗಂಡಸರ ವಾರ್ಡಿನಲ್ಲೇ ಕೂತಿದ್ದವರಿಗೆ ಒಲೆ ಹೊಗೆ ಹೊಳೆಯುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. ಯಾರ ಎದೆಗೆ ಕಿವಿಗೊಡುತ್ತೇವೋ ಅವರ ಮನೆಯ ಕಾಯಿಲೆ ಮಾತ್ರ ನಮಗೆ ಕೇಳಿಸುತ್ತದೆ.

ನಮ್ಮ ಮಲೆನಾಡಿನ ಹೊಗೆಯ ಲೆಕ್ಕ ಸ್ವಲ್ಪ ಬೇರೆ. ಇಲ್ಲಿ ಬೆರಣಿ ಸುಡುವುದು ಕಡಿಮೆ, ಸೌದೆ ಜಾಸ್ತಿ. ಕಾಫಿ ತೋಟದಲ್ಲಿ ಮರಗಸಿ ಮಾಡಿದಾಗ, ಅಂದರೆ ನೆರಳಿನ ಮರಗಳನ್ನು ಸವರಿದಾಗ, ಬಿದ್ದ ಕೊಂಬೆಗಳು ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಯವರಿಗೆ ಪುಕ್ಕಟೆ ಸಿಗುತ್ತವೆ. ಗ್ಯಾಸ್ ಸಿಲಿಂಡರ್ ಇಲ್ಲದ ಮನೆ ಈಗ ಅಪರೂಪ. ಆದರೆ ಮೂಲೆಯಲ್ಲಿ ಸಿಲಿಂಡರ್ ಇದ್ದರೂ ಅನ್ನ ಬೇಯುವುದು ಸೌದೆ ಮೇಲೆ, ಟೀಗೆ ಮಾತ್ರ ಗ್ಯಾಸ್. ಮಳೆ ಹಿಡಿಯಿತೆಂದರೆ ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಹಸಿ ಸೌದೆ ಊದಿ ಊದಿ ಉರಿಸುತ್ತಾರೆ. ಬಚ್ಚಲೊಲೆ ಬೆಳಗಿನಿಂದ ರಾತ್ರಿವರೆಗೂ ಹೊಗೆಯಾಡುತ್ತದೆ. ಅದರ ಮುಂದೆ ಮೂವತ್ತು ವರ್ಷ ಕೂತ ಹೆಂಗಸು ನಮ್ಮ ಹತ್ತಿರ ಬಂದಾಗ ತುಟಿ ನೀಲಿ, ಕುತ್ತಿಗೆಯ ನರ ಉಬ್ಬಿ ಕಿವಿಯ ತನಕ ಮಿಡಿಯುತ್ತಿರುತ್ತದೆ. ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಹಾಗೇ ಉಳಿಯುತ್ತದೆ. ‘ಬೀಡಿ ಸೇದ್ತೀಯೇನಮ್ಮ’ ಎಂದು ಕೇಳಿ, ಇಲ್ಲ ಎಂದ ಕೂಡಲೇ ಆಸ್ತಮಾ ಎಂದು ಬರೆದು ಕಳಿಸಿರುತ್ತಾರೆ.

ನಾನು ಕೇಳುವುದು ಬೇರೆ. ಒಲೆ ಯಾವುದು? ಗೋಡೆಗೆ ಅಂಟಿದೆಯೋ, ಮಧ್ಯದಲ್ಲಿದೆಯೋ? ಅಡುಗೆ ಮನೆಗೆ ಕಿಟಕಿ ಇದೆಯೋ? ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆ? ಎಷ್ಟನೇ ವಯಸ್ಸಿಗೆ ಅಡುಗೆಗೆ ಕೂತೆ? ಮೊದಮೊದಲು ರೋಗಿಗಳಿಗೆ ಇದು ವಿಚಿತ್ರ ಅನಿಸುತ್ತಿತ್ತು. ‘ಎದೆ ನೋಡಿ ಅಂದ್ರೆ ಒಲೆ ಕೇಳ್ತೀರಲ್ಲ ಡಾಕ್ಟ್ರಮ್ಮ’ ಎಂದು ಒಬ್ಬ ಅಜ್ಜಿ ಅಂದದ್ದುಂಟು. ಈಗ ಅವರೇ ‘ನಮ್ಮನೇಲಿ ಹೊಗೆ ಜಾಸ್ತಿ’ ಎಂದು ಮಾತು ಶುರುಮಾಡುತ್ತಾರೆ.

ಮಾತ್ರೆ, ನೆಬ್ಯುಲೈಸರ್, ನೀರು ಇಳಿಸುವ ಔಷಧಿ ಎಲ್ಲ ಕೊಡುತ್ತೇವೆ. ಅವು ಬೇಕೇ ಬೇಕು. ಆದರೆ ಮತ್ತೆ ಮತ್ತೆ ಅಡ್ಮಿಟ್ ಆಗುವುದು ನಿಂತದ್ದು ಒಲೆ ಬದಲಾದ ಮನೆಗಳಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗದವರು 1980ರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆಯನ್ನು ಹಳಬರು ಇನ್ನೂ ನೆನಪಿಟ್ಟುಕೊಂಡಿದ್ದಾರೆ. ಮೂರು ಪಾತ್ರೆ ಕೂರುವ, ಚಿಮಣಿ ಇರುವ ಒಲೆ ಅದು. ಅದನ್ನು ಹಾಕಿಸಿಕೊಂಡ ಮನೆಗಳಲ್ಲೂ ಚಿಮಣಿ ಮಸಿ ಕಟ್ಟಿ ಹೊಗೆ ಒಳಗೇ ತಿರುಗುತ್ತಿರುವುದನ್ನು ಕಂಡಿದ್ದೇನೆ. ಹಾಗಾಗಿ ಒಲೆ ಹಾಕಿಸಿ ಎಂದಷ್ಟೇ ಹೇಳಿ ಬಿಡುವುದಿಲ್ಲ, ತಿಂಗಳಿಗೊಮ್ಮೆ ಮಸಿ ತೆಗೆಸಿ ಎಂದೂ ಬರೆದುಕೊಡುತ್ತೇನೆ. ಫೆಬ್ರವರಿ ಮಾರ್ಚಿನ ಬಿಸಿಲಿಗೇ ಸೌದೆ ಒಣಗಿಸಿ ಸೂರಿನಡಿ ಒಟ್ಟಿಡಿ, ಹಸಿ ಕೊಂಬೆ ಒಲೆಗೆ ಹಾಕಬೇಡಿ, ಮಳೆಗಾಲದ ನಾಲ್ಕು ತಿಂಗಳಾದರೂ ಅನ್ನವನ್ನು ಗ್ಯಾಸಿನ ಮೇಲೆ ಮಾಡಿ, ಹೊಗೆ ಇರುವಾಗ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಅಡುಗೆಗೆ ಕೂರಬೇಡಿ. ಇಷ್ಟನ್ನು ಗಂಡನನ್ನೋ ಮಗನನ್ನೋ ಎದುರಿಗೆ ಕೂರಿಸಿಕೊಂಡು ಹೇಳಬೇಕು. ಸಿಲಿಂಡರಿಗೆ ದುಡ್ಡು ಕೊಡುವವರು ಅವರು.

ಪದ್ಮಾವತಿ ಅವರು ಮುಂದೆ 1976ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಹೆಂಗಸರು ಗಂಡಸರಿಗಿಂತ ಚಿಕ್ಕ ವಯಸ್ಸಿಗೇ ಈ ಕಾಯಿಲೆಗೆ ಬೀಳುವುದನ್ನು ತೋರಿಸಿದರು. ನಾನು ಕಾಣುವುದೂ ಅದನ್ನೇ.

ಆದರೆ ನನ್ನ ಬಹುಪಾಲು ಶ್ರಮ ಹೋಗಿರುವುದು ಮಕ್ಕಳ ಗಂಟಲಿನ ಹಿಂದೆ. ರುಮ್ಯಾಟಿಕ್ ಹೃದ್ರೋಗ ಚಳಿ ದೇಶದ ಕಾಯಿಲೆ, ಉಷ್ಣ ದೇಶಗಳಲ್ಲಿ ಅದು ಅಪರೂಪ ಎಂದು ಒಂದು ಕಾಲಕ್ಕೆ ಪುಸ್ತಕಗಳಲ್ಲೇ ಬರೆದಿತ್ತು. ಪದ್ಮಾವತಿ ಮತ್ತು ಅವರ ಜೊತೆಯವರು ದೆಹಲಿಯ ಹೃದ್ರೋಗಿಗಳ ಲೆಕ್ಕ ತೆಗೆದು ನೋಡಿದರೆ ಅದರದ್ದೇ ದೊಡ್ಡ ಪಾಲು. ಕಾಯಿಲೆ ಶುರುವಾಗುವುದು ಗಂಟಲು ನೋವಿನಿಂದ. ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಾಣು ಗಂಟಲಿಗೆ ತಗುಲಿ ವಾಸಿಯಾದ ಎರಡು ಮೂರು ವಾರಕ್ಕೆ, ಹೆಚ್ಚಾಗಿ ಐದರಿಂದ ಹದಿನೈದು ವರ್ಷದ ಮಕ್ಕಳಿಗೆ, ಜ್ವರ ಬಂದು ಕೀಲು ಊದುತ್ತದೆ. ಸೂಕ್ಷ್ಮಾಣುವಿನ ಮೇಲೆ ಯುದ್ಧಕ್ಕೆ ಹೊರಟ ದೇಹದ ರಕ್ಷಣಾ ಪಡೆ ದಾರಿ ತಪ್ಪಿ ಹೃದಯದ ಕವಾಟಗಳನ್ನೂ ಗಾಯ ಮಾಡುತ್ತದೆ. ಒಂದೇ ಕೋಣೆಯಲ್ಲಿ ಆರೇಳು ಜನ ಒತ್ತಾಗಿ ಮಲಗುವ ಮನೆಗಳಲ್ಲಿ ಈ ಗಂಟಲು ಬೇನೆ ಒಬ್ಬರಿಂದ ಒಬ್ಬರಿಗೆ ಸುಲಭವಾಗಿ ದಾಟುತ್ತದೆ. ನಮ್ಮ ಲೈನ್ ಮನೆಗಳು ಹಾಗೆಯೇ ಇವೆ.

ನಮ್ಮ ಕಡೆ ಈ ಕೀಲು ಬಾವನ್ನು ‘ವಾಯು’ ಎನ್ನುತ್ತಾರೆ. ಏದುಸಿರು ಎಂದು ಬಂದ ಮೂವತ್ತರ ಹೆಂಗಸನ್ನು ಕೇಳುತ್ತೇನೆ, ‘ಚಿಕ್ಕವಳಿದ್ದಾಗ ಕೀಲು ಊದಿಕೊಂಡಿತ್ತೇನಮ್ಮ?’

‘ಹ್ಞೂಂ ಡಾಕ್ಟ್ರಮ್ಮ, ವಾಯು ಆಗಿತ್ತು. ಮಂಡಿ ಹೋಯ್ತು ಅಂದ್ರೆ ಮೊಣಕೈ, ಮೊಣಕೈ ಹೋಯ್ತು ಅಂದ್ರೆ ಮಣಿಕಟ್ಟು. ಹದಿನೈದು ದಿನಕ್ಕೆ ತಾನಾಗೇ ಹೋಯ್ತು.’

ತಾನಾಗೇ ಹೋದದ್ದು ಕೀಲಿನ ಬಾವು ಮಾತ್ರ. ಒಂದು ಕೀಲಿನಿಂದ ಇನ್ನೊಂದಕ್ಕೆ ಓಡಾಡುವ ನೋವು ಎಂದು ಯಾರಾದರೂ ಹೇಳಿದರೆ ನಾನು ಅಲ್ಲಿಗೇ ನಿಲ್ಲುತ್ತೇನೆ. ಮಂಚದ ಮೇಲೆ ಎಡ ಮಗ್ಗುಲಿಗೆ ಮಲಗಿಸಿ, ಸ್ಟೆತಾಸ್ಕೋಪಿನ ಗಂಟೆಯ ಭಾಗವನ್ನು ಮೆಲ್ಲಗೆ ಇಟ್ಟು, ಉಸಿರು ಬಿಟ್ಟು ಹಿಡಿಯಲು ಹೇಳಿ ಕೇಳಬೇಕು. ಕವಾಟ ಕಿರಿದಾಗಿದ್ದರೆ ಮೊದಲ ಸದ್ದು ಜೋರು. ಆಮೇಲೆ ಎರಡು ಬಡಿತಗಳ ನಡುವೆ ತಗ್ಗು ದನಿಯ ಗುಡುಗಾಟ. ರಾತ್ರಿ ಘಾಟಿಯ ಆಚೆ ಗೂಡ್ಸ್ ರೈಲು ಹೋದರೆ ಸಕಲೇಶಪುರದಲ್ಲಿ ಮಲಗಿದವರಿಗೆ ಕೇಳುತ್ತದಲ್ಲ, ಅಂಥ ಸದ್ದು. ಗದ್ದಲದ ಓಪಿಡಿಯಲ್ಲಿ ಇದು ಕೇಳಿಸುವುದಿಲ್ಲ. ಫ್ಯಾನ್ ಆರಿಸಬೇಕು, ಬಾಗಿಲು ಹಾಕಬೇಕು, ಅನುಮಾನವಿದ್ದರೆ ರೋಗಿಯನ್ನು ವರಾಂಡದಲ್ಲಿ ಒಂದು ಸುತ್ತು ನಡೆಸಿ ತಂದು ಮತ್ತೆ ಕೇಳಬೇಕು. ಹೊರಗೆ ಸಾಲು ಬೆಳೆಯುತ್ತಿರುತ್ತದೆ, ಬೆಳೆಯಲಿ. ಆ ಎರಡು ನಿಮಿಷವನ್ನು ಬಿಟ್ಟರೆ ಆಕೆ ಮುಂದಿನ ಸಲ ಬರುವುದು ಬಸುರಿಯಾಗಿ, ಉಸಿರು ಕಟ್ಟಿಕೊಂಡು.

ಮಕ್ಕಳಲ್ಲಿ ಜ್ವರ, ಕೀಲು ಬಾವು ಇರುವಾಗಲೇ ಸಿಕ್ಕರೆ ನಮ್ಮ ಅದೃಷ್ಟ. ಇಲ್ಲಿ ಒಂದು ತೊಡಕಿದೆ. ಆಸ್ಪಿರಿನ್ ಜಾತಿಯ ನೋವಿನ ಮಾತ್ರೆ ಕೊಟ್ಟರೆ ಈ ಬಾವು ಒಂದೆರಡು ದಿನದಲ್ಲಿ ಮಾಯವಾಗುತ್ತದೆ. ಅಂಗಡಿಯಿಂದ ತಂದ ಮಾತ್ರೆ ನುಂಗಿ ಬಂದ ಹುಡುಗನಲ್ಲಿ ಗುರುತು ಸಿಗುವುದಿಲ್ಲ. ಅದಕ್ಕೇ ಆಶಾ ಕಾರ್ಯಕರ್ತೆಯರಿಗೆ ಹೇಳಿಟ್ಟಿದ್ದೇನೆ: ಕೀಲು ಊದಿದ ಮಗುವಿಗೆ ಏನನ್ನೂ ಕೊಡುವ ಮೊದಲು ನನ್ನ ಹತ್ತಿರ ಕಳಿಸಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಜೊತೆಗೆ ಮೈಯಲ್ಲಿ ಉರಿಯೂತ ಇದೆಯೇ ಎಂದು ತಿಳಿಸುವ ಇ.ಎಸ್.ಆರ್., ಸ್ಟ್ರೆಪ್ಟೊಕಾಕಸ್ ತಗುಲಿತ್ತೇ ಎಂದು ತಿಳಿಸುವ ಎ.ಎಸ್.ಒ. ರಕ್ತ ಪರೀಕ್ಷೆ, ಒಂದು ಇ.ಸಿ.ಜಿ. ಇ.ಸಿ.ಜಿ.ಯಲ್ಲಿ ಪಿ.ಆರ್. ಅಂತರ, ಅಂದರೆ ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ವಿದ್ಯುತ್ ಸಂಕೇತ ದಾಟುವ ಹೊತ್ತು, ಉದ್ದವಾಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಆಮೇಲೆ ಹಾಸನದಲ್ಲಿ ಎಕೋ. ಶಾಲೆಗಳಿಗೆ ಹೋಗುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಪಟ್ಟಿಯಲ್ಲೂ ಈ ಕಾಯಿಲೆ ಇದೆ. ಆ ತಂಡದವರ ಜೊತೆ ಕೂತು, ಯಾವ ಮಗುವಿನ ಎದೆಯನ್ನು ಎರಡನೇ ಸಲ ಕೇಳಬೇಕು ಎಂದು ಮಾತಾಡಿಕೊಂಡದ್ದು ತುಂಬಾ ಉಪಯೋಗವಾಯಿತು.

ಚಿಕಿತ್ಸೆ ಸರಳ, ಆದರೆ ದೀರ್ಘ. ಮತ್ತೆ ಗಂಟಲು ಬೇನೆ ಬಂದು ಕವಾಟಕ್ಕೆ ಮತ್ತೆ ಗಾಯವಾಗದಂತೆ 21 ದಿನಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಸೂಜಿ. ದೊಡ್ಡವರಿಗೆ 12 ಲಕ್ಷ ಯೂನಿಟ್, ಸಣ್ಣ ಮಕ್ಕಳಿಗೆ 6 ಲಕ್ಷ. ಹೃದಯಕ್ಕೆ ತಾಗಿರದಿದ್ದರೆ ಕಡಿಮೆಯೆಂದರೆ ಐದು ವರ್ಷ, ತಾಗಿದ್ದರೆ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು, ಕವಾಟ ತೀರಾ ಕೆಟ್ಟಿದ್ದರೆ ನಲವತ್ತರ ವಯಸ್ಸಿನವರೆಗೂ. ಹುಷಾರಾಗಿ ಓಡಾಡುವ ಹುಡುಗನಿಗೆ ವರ್ಷಗಟ್ಟಲೆ ನೋವಿನ ಸೂಜಿ ಹಾಕಿಸಿ ಎಂದು ತಾಯಿಯನ್ನು ಒಪ್ಪಿಸುವುದೇ ಈ ಚಿಕಿತ್ಸೆಯ ಮುಕ್ಕಾಲು ಪಾಲು.

ಸಂತೆ ನನ್ನ ಸಹಾಯಕ್ಕೆ ಬಂತು. 21 ದಿನ ಎಂದರೆ ಸರಿಯಾಗಿ ಮೂರು ವಾರ, ಯಾವಾಗಲೂ ಅದೇ ವಾರಕ್ಕೆ ಬಂದು ಬೀಳುತ್ತದೆ. ತೋಟಗಳಲ್ಲಿ ವಾರದ ರಜೆ ಸಾಮಾನ್ಯವಾಗಿ ಸಂತೆ ದಿನವೇ. ತಾರೀಖು ಬರೆದುಕೊಟ್ಟರೆ ಚೀಟಿ ಕಳೆದುಹೋಗುತ್ತಿತ್ತು. ‘ಎರಡು ಸಂತೆ ಬಿಟ್ಟು ಮೂರನೇ ಸಂತೆಗೆ ಬಾ’ ಎಂದರೆ ಯಾರಿಗೂ ಮರೆಯುವುದಿಲ್ಲ. ಕೂಲಿ ಕಳೆದುಕೊಳ್ಳಬೇಕಿಲ್ಲ, ಬೇರೆ ಬಸ್ ಚಾರ್ಜ್ ಇಲ್ಲ. ರಿಜಿಸ್ಟರಿನಲ್ಲಿ ಸಂತೆಗಳನ್ನು ಒಂದು, ಎರಡು, ಮೂರು ಎಂದು ಗುಂಪು ಮಾಡಿ, ಪ್ರತಿ ಹೆಸರನ್ನೂ ಒಂದು ಗುಂಪಿಗೆ ಸೇರಿಸಿದೆವು. ಹೆಸರಿನ ಮುಂದೆ ತೋಟದ ಲೆಕ್ಕ ಬರೆಯುವ ರೈಟರ್ ಫೋನ್ ನಂಬರ್, ಆಶಾ ಅವರ ನಂಬರ್. ಸಂಜೆ ನಾಲ್ಕರ ತನಕ ಬರದವರ ಹೆಸರಿಗೆ ಕೆಂಪು ಗೆರೆ, ಮಾರನೇ ದಿನ ಫೋನು. ಈ ರಿಜಿಸ್ಟರನ್ನು ನಡೆಸಿಕೊಂಡು ಬಂದವರು ನಮ್ಮ ಸಿಸ್ಟರ್. ಅವರ ಅಚ್ಚುಕಟ್ಟುತನ ಇಲ್ಲದಿದ್ದರೆ ನನ್ನ ಓದೆಲ್ಲ ಓಪಿಡಿ ಚೀಟಿಯಲ್ಲೇ ಉಳಿಯುತ್ತಿತ್ತು.

ಸೂಜಿ ಹಾಕುವುದನ್ನು ಬರೆಯುತ್ತೇನೆ, ಏಕೆಂದರೆ ಮಕ್ಕಳು ಬಿಟ್ಟುಹೋಗುವುದು ಅದರ ನೋವಿಗೆ. ಔಷಧಿ ಬಿಳಿ ಪುಡಿ. ನೀರು ಬೆರೆಸಿದರೂ ಪೂರಾ ಕರಗುವುದಿಲ್ಲ, ಗಟ್ಟಿಯಾಗಿ ಹರಳು ಹರಳಾಗಿ ಉಳಿಯುತ್ತದೆ. ಸಣ್ಣ ಸೂಜಿಯಾದರೆ ಮಧ್ಯದಲ್ಲೇ ಕಟ್ಟಿಕೊಂಡು, ತೆಗೆದು ಮತ್ತೆ ಚುಚ್ಚಬೇಕಾಗುತ್ತದೆ. 21 ನಂಬರಿನ ಸೂಜಿಯೇ ಇರಲಿ. ಬೆರೆಸಿದ ಸಿರಿಂಜನ್ನು ಅಂಗೈಗಳ ನಡುವೆ ಹೊರಳಿಸಿ ತಣ್ಣಗಿರುವುದನ್ನು ಬಿಡಿಸಬೇಕು. ಚುಚ್ಚುವ ಜಾಗವನ್ನು ಹತ್ತು ಎಣಿಸುವ ತನಕ ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಜಾಗ ಮರಗಟ್ಟಿಸುವ ಲಿಗ್ನೊಕೇನ್ ಔಷಧಿ ಸ್ವಲ್ಪ ಬೆರೆಸಿದರೆ ನೋವು ತಗ್ಗುತ್ತದೆ. ಆಮೇಲೆ ಮೆಲ್ಲಗೆ, ಎರಡು ಮೂರು ನಿಮಿಷ ತೆಗೆದುಕೊಂಡು, ನಿಲ್ಲಿಸದೆ ತಳ್ಳಬೇಕು. ಅವಸರ ಮಾಡಿದರೆ ಹುಡುಗ ಎರಡು ದಿನ ಕುಂಟುತ್ತಾನೆ, ಮೂರನೇ ಸಂತೆಗೆ ಬರುವುದಿಲ್ಲ. ಹಸಿದ ಹೊಟ್ಟೆಯಲ್ಲಿ ಬರಬಾರದು ಎಂದು ಮೊದಲೇ ಹೇಳಿರುತ್ತೇವೆ. ಬಿಸ್ಕೆಟೋ ಬಾಳೆಹಣ್ಣೋ ತಿನ್ನಿಸಿಯೇ ಸೂಜಿ. ಭಯಕ್ಕೆ, ಹಸಿವಿಗೆ ತಲೆ ತಿರುಗಿ ಬಿದ್ದ ಮಗುವನ್ನು ನೋಡಿ ಪೆನಿಸಿಲಿನ್ ಅಲರ್ಜಿ ಎಂದು ಬರೆದುಬಿಟ್ಟರೆ ಆ ಮಗು ಜೀವನಪೂರ್ತಿ ಈ ಔಷಧಿಯಿಂದ ದೂರವಾಗುತ್ತದೆ. ನಿಜವಾದ ಅಲರ್ಜಿ ಅಪರೂಪ. ಆದರೆ ಬಂದಾಗ ಕೈ ನಡುಗಬಾರದು. ಟೆಸ್ಟ್ ಡೋಸ್ ಮಾಡಿ, ಅಲರ್ಜಿಯಾದರೆ ಜೀವ ಉಳಿಸುವ ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು, ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿಯೇ ಕಳಿಸುತ್ತೇವೆ.

ಕವಾಟ ತೀರಾ ಕಿರಿದಾಗಿ ಹೃದಯ ಬಳಲಿರುವವರ ವಿಷಯ ಬೇರೆ. ಅಂಥವರಲ್ಲಿ ಸೂಜಿಯಾದ ಕೂಡಲೇ ಕುಸಿದುಬೀಳುವುದು ಅಲರ್ಜಿಯಿಂದಲ್ಲ, ನೋವು ಭಯಗಳಿಗೆ ರಕ್ತದೊತ್ತಡ ಇಳಿದು ಹೃದಯ ತಾಳಲಾರದೆ ಇರಬಹುದು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ಎಚ್ಚರಿಸಿತು. ಅವರಿಗೆ ನಾವೀಗ ಪೆನಿಸಿಲಿನ್ ಮಾತ್ರೆ ಕೊಡುತ್ತೇವೆ, ದಿನಕ್ಕೆರಡು ಸಲ.

ಕಷ್ಟಗಳೂ ಇದ್ದವು. ಕೆಲವು ತಿಂಗಳು ಎಲ್ಲೂ ಔಷಧಿ ಸಿಗದೆ, ಇದ್ದಬದ್ದ ಮೆಡಿಕಲ್ ಸ್ಟೋರುಗಳಿಗೆಲ್ಲ ಫೋನು ಮಾಡಿ ತರಿಸಿದ್ದೇವೆ. ಪೆನಿಸಿಲಿನ್ ಎಂದರೆ ಹೆದರಿ ಸೂಜಿ ಹಾಕಲು ಒಪ್ಪದ ವೈದ್ಯರೂ ಇದ್ದಾರೆ. ಒಂದು ಕ್ಲಿನಿಕ್‌ನಲ್ಲಿ ‘ಹುಡುಗ ಹುಷಾರಾಗಿದ್ದಾನಲ್ಲ, ಇನ್ಯಾಕೆ ಸೂಜಿ’ ಎಂದು ಹೇಳಿ ಕಳಿಸಿದ್ದರಿಂದ ನಮ್ಮ ರಿಜಿಸ್ಟರಿನ ಹುಡುಗನೊಬ್ಬ ಬರುವುದು ನಿಲ್ಲಿಸಿದ. ಎರಡು ಮಳೆಗಾಲ ಕಳೆದು ಮತ್ತೆ ಬಂದಾಗ ಜ್ವರದ ಜೊತೆ ಎರಡನೇ ಕವಾಟವೂ ಸೋರುತ್ತಿತ್ತು. ಅವನ ತಾಯಿಗೆ ಮೊದಲೇ ಎಲ್ಲ ಹೇಳಿದ್ದೆವು. ಆದರೂ ಬಿಳಿ ಕೋಟಿನವರೊಬ್ಬರು ಬೇಡ ಎಂದ ಮೇಲೆ ಆಕೆ ಯಾರ ಮಾತು ನಂಬಬೇಕಿತ್ತು? ಇಂಥ ಮಾತಿಗೆ ಉತ್ತರವಾಗಿ ನನ್ನ ಹತ್ತಿರ ಈಗ ಉಗಾಂಡದ ಅಂಕಿಅಂಶ ಇದೆ. ಎಕೋದಲ್ಲಿ ಮಾತ್ರ ಕಾಣುವಷ್ಟು ಸಣ್ಣ ಗಾಯವಿದ್ದ 5ರಿಂದ 17 ವರ್ಷದ 818 ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದರು. ಸೂಜಿ ಹಾಕಿಸಿಕೊಂಡವರಲ್ಲಿ ಎರಡು ವರ್ಷಕ್ಕೆ ಕಾಯಿಲೆ ಮುಂದುವರಿದದ್ದು ಶೇ. 0.8ರಷ್ಟು ಮಕ್ಕಳಿಗೆ, ಹಾಕಿಸಿಕೊಳ್ಳದವರಲ್ಲಿ ಶೇ. 8.2. ಹತ್ತು ಪಟ್ಟು. ಇದನ್ನು ದೊಡ್ಡಕ್ಷರದಲ್ಲಿ ಬರೆದು ಸೂಜಿ ಕೋಣೆಯ ಗೋಡೆಗೆ ಅಂಟಿಸಿದ್ದೇವೆ.

ಬಾಲ್ಯದಲ್ಲಿ ಸೂಜಿ ಸಿಗದೆ ದೊಡ್ಡವರಾದ ಹೆಂಗಸರ ಪಾಡು ಬಸುರಿನಲ್ಲಿ ಹೊರಬೀಳುತ್ತದೆ. ಮೈಟ್ರಲ್ ಕವಾಟದ ಬಾಯಿ ಸಹಜವಾಗಿ 4ರಿಂದ 6 ಚದರ ಸೆಂಟಿಮೀಟರ್. ಅದು ಒಂದೂವರೆಗಿಂತ ಕಿರಿದಾದರೆ ಅಪಾಯ. ಬಸುರಿನಲ್ಲಿ ರಕ್ತದ ಪ್ರಮಾಣ ಹತ್ತಿರ ಹತ್ತಿರ ಒಂದೂವರೆ ಪಟ್ಟಾಗುತ್ತದೆ, ಎದೆಬಡಿತವೂ ಏರುತ್ತದೆ. ಬಡಿತ ಏರಿದಷ್ಟೂ ಕವಾಟ ತೆರೆದಿರುವ ಹೊತ್ತು ಕಡಿಮೆ, ಹೊರಗೆ ಹೋಗಲಾರದ ರಕ್ತ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಯಸಳೂರು ಕಡೆಯ ಹುಡುಗಿಯೊಬ್ಬಳು ಏಳನೇ ತಿಂಗಳಲ್ಲಿ ಬಂದಳು. ರಾತ್ರಿ ಮಲಗಲಾರದೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಬಸುರಿನಲ್ಲಿ ಏದುಸಿರು ಸಹಜ ಎಂದು ಮನೆಯವರು ಸುಮ್ಮನಿದ್ದರು. ಎದೆಯ ಮೇಲೆ ಕೈ ಇಟ್ಟ ಕೂಡಲೇ ಅದುರು ಸಿಕ್ಕಿತು. ಬಡಿತ ತಗ್ಗಿಸುವ ಮಾತ್ರೆ, ನೀರು ಇಳಿಸುವ ಸೂಜಿ ಕೊಟ್ಟು, ಆಂಬುಲೆನ್ಸಿನಲ್ಲಿ ಕೂರಿಸಿಕೊಂಡೇ ಮೈಸೂರಿನ ಜಯದೇವ ಆಸ್ಪತ್ರೆಗೆ ಕಳಿಸಿದೆವು. ಅಲ್ಲಿ ಬಲೂನ್ ಚಿಕಿತ್ಸೆ ಮಾಡಿದರು. ತೊಡೆಯ ರಕ್ತನಾಳದಿಂದ ನಳಿಕೆ ತೂರಿಸಿ, ಹೃತ್ಕರ್ಣಗಳ ನಡುವಿನ ಗೋಡೆ ದಾಟಿ, ಕವಾಟದ ಬಾಯಲ್ಲಿ ಬಲೂನ್ ಉಬ್ಬಿಸಿ ಅಂಟಿದ ಅಂಚುಗಳನ್ನು ಬಿಡಿಸುವುದು. ಜಪಾನಿನ ಕಾಂಜಿ ಇನೋವೆ 1980ರ ದಶಕದಲ್ಲಿ ತೋರಿಸಿಕೊಟ್ಟ ವಿದ್ಯೆ. ನಮ್ಮ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನವರಾದ ಡಾ. ಸಿ.ಎನ್. ಮಂಜುನಾಥ್ ಹೆಸರು ಮಾಡಿದ್ದೂ ಇದೇ ಚಿಕಿತ್ಸೆಯಲ್ಲಿ. ಆಕೆ ತಿಂಗಳು ತುಂಬಿ ಹೆತ್ತಳು. ಮಗುವನ್ನು ಎತ್ತಿಕೊಂಡು ತೋರಿಸಲು ಬಂದ ದಿನವೇ ಅವಳ ಹೆಸರನ್ನು ರಿಜಿಸ್ಟರಿಗೆ ಏರಿಸಿದೆವು. ಬಲೂನ್ ಆದ ಮೇಲೂ ಸೂಜಿ ತಪ್ಪುವಂತಿಲ್ಲ.

ಆ ಬಲೂನ್ ಚಿಕಿತ್ಸೆ ನಡೆಯುವ ಕ್ಯಾತ್ ಲ್ಯಾಬಿಗೂ ಪದ್ಮಾವತಿ 1954ರಲ್ಲಿ ತೆರೆದ ಕ್ಯಾತ್ ಲ್ಯಾಬಿಗೂ ನೇರ ನಂಟಿದೆ. ಅವರು ಅಲ್ಲಿಗೆ ನಿಲ್ಲಲಿಲ್ಲ. 1962ರಲ್ಲಿ ಆಲ್ ಇಂಡಿಯಾ ಹಾರ್ಟ್ ಫೌಂಡೇಷನ್ ಕಟ್ಟಿದರು. 1966ರಲ್ಲಿ ವಿಶ್ವ ಹೃದ್ರೋಗ ಸಮ್ಮೇಳನ ದೆಹಲಿಗೆ ಬಂದಾಗ ಅದರ ಪ್ರಧಾನ ಕಾರ್ಯದರ್ಶಿ ಅವರೇ. 1967ರಲ್ಲಿ ಮೌಲಾನಾ ಆಜಾದ್ ಮೆಡಿಕಲ್ ಕಾಲೇಜಿನ ಮುಖ್ಯಸ್ಥೆಯಾದರು, ಅದೇ ವರ್ಷ ಪದ್ಮಭೂಷಣ ಬಂತು. ನಿವೃತ್ತಿಯ ನಂತರ, 1981ರಲ್ಲಿ, ದೆಹಲಿಯಲ್ಲಿ ನ್ಯಾಷನಲ್ ಹಾರ್ಟ್ ಇನ್‌ಸ್ಟಿಟ್ಯೂಟ್ ಶುರುಮಾಡಿದರು. 1992ರಲ್ಲಿ ಪದ್ಮವಿಭೂಷಣ. ತೊಂಬತ್ತು ದಾಟಿದ ಮೇಲೂ ರೋಗಿಗಳನ್ನು ನೋಡುತ್ತಿದ್ದರು. 2020ರ ಆಗಸ್ಟ್ 29ರಂದು, 103ನೇ ವಯಸ್ಸಿನಲ್ಲಿ, ಕೋವಿಡ್‌ನಿಂದ ತೀರಿಕೊಂಡರು. ನಾವೆಲ್ಲ ಪಿಪಿಇ ಕಿಟ್ ತೊಟ್ಟು ಓಡಾಡುತ್ತಿದ್ದ ದಿನಗಳು ಅವು. ಸುದ್ದಿ ಓದಿ ನಮ್ಮ ಸಿಸ್ಟರಿಗೆ ಹೇಳಿದೆ, ‘ನಾವು ಮಾಡೋ ಕೆಲಸ ಶುರುಮಾಡಿದೋರು ಹೋಗ್ಬಿಟ್ರು ಸಿಸ್ಟರ್.’ ಆ ವಾರ ಕೋವಿಡ್‌ನಿಂದಾಗಿ ಸಂತೆ ಇರಲಿಲ್ಲ. ಆಶಾ ಅವರ ಜೊತೆ ಸಿಸ್ಟರ್ ತೋಟಗಳಿಗೇ ಹೋಗಿ ಸೂಜಿ ಹಾಕಿ ಬಂದರು.

ಈಗ ನಮ್ಮೆದುರಿಗಿರುವ ಕೆಲಸ ವಲಸೆ ಬಂದವರದ್ದು. ಕಾಫಿ ಕೊಯ್ಲಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕುಟುಂಬಗಳು ಬರುತ್ತವೆ, ಹಣ್ಣು ಮುಗಿದ ಮೇಲೆ ಹೊರಟುಹೋಗುತ್ತವೆ. ಅವರ ಮಕ್ಕಳಲ್ಲೂ ಈ ಕಾಯಿಲೆ ಸಿಗುತ್ತದೆ, ಆದರೆ ಎರಡು ಮೂರು ಸೂಜಿಯಾಗುವಷ್ಟರಲ್ಲಿ ಊರು ಬಿಡುತ್ತಾರೆ. ಅವರಿಗೆಂದು ಪ್ಲಾಸ್ಟಿಕ್ ಹಾಕಿಸಿದ ಕಾರ್ಡ್ ಮಾಡಿದ್ದೇವೆ. ಒಂದು ಬದಿ ಹಿಂದಿಯಲ್ಲಿ, ಇನ್ನೊಂದು ಬದಿ ಇಂಗ್ಲಿಷಿನಲ್ಲಿ. ಅದರಲ್ಲಿ ಐದೇ ವಿಷಯ: ಮಗುವಿನ ಹೆಸರು ಮತ್ತು ಹುಟ್ಟಿದ ವರ್ಷ, ಎಕೋ ಏನು ಹೇಳಿತು, ಸೂಜಿಯ ಹೆಸರು ಮತ್ತು ಪ್ರಮಾಣ, ಕೊನೆಯ ಸೂಜಿ ಹಾಕಿದ ದಿನ, ಯಾವ ವರ್ಷದವರೆಗೆ ಹಾಕಿಸಬೇಕು. ಕೆಳಗೆ ನಮ್ಮ ಸೂಜಿ ಕೋಣೆಯ ಫೋನ್ ನಂಬರ್. ಬೇರೆ ಊರಿನ ಆಸ್ಪತ್ರೆಗಳಿಂದ ಕಾರ್ಡ್ ನೋಡಿ ಫೋನ್ ಮಾಡಿದವರು ಇದ್ದಾರೆ. ಬಟವಾಡೆ ದಿನ ರೈಟರ್ ಲೆಕ್ಕ ಚುಕ್ತಾ ಮಾಡುವಾಗ ಕಾರ್ಡನ್ನೂ ಕೈಗೆ ಕೊಟ್ಟು ಕಳಿಸಿ ಎಂದು ತೋಟಗಳ ಸಾಹುಕಾರರನ್ನು ಕೇಳಿಕೊಂಡಿದ್ದೇವೆ, ಕೆಲವರು ಒಪ್ಪಿದ್ದಾರೆ. ಉಳಿದ ತೋಟಗಳಿಗೆ ಈ ಕೊಯ್ಲು ಶುರುವಾಗುವ ಮೊದಲೇ ಹೋಗಿ ಮಾತಾಡಬೇಕು.